ಕವುಚಿಟ್ಟ ಗ್ಲಾಸು

ಸಿಯಾಟಲ್
ನವೆಂಬರ್ ೧೮, ೧೯೮೫

ಪ್ರೀತಿಯ ಅಮ್ಮ, ಅಪ್ಪ,

ನಾನು ಮದುವೆಯಾಗಿಬಿಟ್ಟೆ! ಮೊದಲು ಕೂತುಕೊಳ್ಳಿ ಅಂತ ಬರೆಯಬೇಕಿತ್ತು, ಕೈ ಕೇಳಲಿಲ್ಲ. ಗಾರ್ತ್‌ನನ್ನೇ, ಇನ್ಯಾರನ್ನು! ಬೇಸಿಗೆಯಲ್ಲಿ ಫೋಟೋ ಕಳಿಸಿದ್ದೆನಲ್ಲ, ದೊಡ್ಡ ದೋಣಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ನಿಂತಿದ್ದವನು. ಅಂಥ ದೋಣಿಗಳ ಎಂಜಿನ್ ರಿಪೇರಿ ಅವನ ಕೆಲಸ. ಗುರುವಾರ ಕೋರ್ಟಿಗೆ ಹೋಗಿ ಸಹಿ ಹಾಕಿದೆವು. ಅವನ ಉಗುರಿನ ಸಂದಿಯ ಗ್ರೀಸ್ ಕೂಡ ಹೋಗಿರಲಿಲ್ಲ. ನನಗೆ ನಗು ತಡೆಯಲಾಗದೆ ಜಡ್ಜ್ ಎರಡು ಸಲ ಕೇಳಿದರು, "ನಿಜವಾಗ್ಲೂ ಒಪ್ಪಿಗೆ ಇದೆಯಾಮ್ಮ?" ಅಂತ.

ಅಮ್ಮ, ಕೋಪ ಮಾಡಿಕೊಳ್ಳುವ ಮುಂಚೆ ಮುಂದಿನ ಸಾಲು ಓದು. ಇದು ಬರೀ ಕಾಗದದ ಮದುವೆ. ಸಂಭ್ರಮವೆಲ್ಲ ನಮ್ಮೂರಲ್ಲೇ, ಡೊಂಬ್ರೋವದಲ್ಲೇ, ಈಸ್ಟರ್ ಕಳೆದ ಮೇಲೆ. ಏಪ್ರಿಲ್ ೧೨, ಶನಿವಾರ. ಎಲ್ಲಿ ಗೊತ್ತಾ? ಹೆಡ್ಡಿ ಆಂಟಿಯ ಬಾರಿನಲ್ಲಿ! ಇಡೀ ಊರನ್ನು ಕರೆಯೋಣ. ನಾನು ಅಪ್ಪನ ಜೊತೆ ಮೊದಲ ಪೋಲ್ಕಾ ಕುಣಿಯಬೇಕು. ಹೆಡ್ಡಿ ಆಂಟಿಗೆ ಆಗಲೇ ಬರೆದಿದ್ದೇನೆ.

ಅಲ್ಲೇ ಯಾಕೆ ಅಂತ ಹೇಳುತ್ತೇನೆ. ಗಾರ್ತ್‌ನ ಮನೆಯಲ್ಲಿ ಯಾರೂ ಒಂದು ಹನಿ ಕುಡಿಯುವುದಿಲ್ಲ. ಹೋದ ವಾರ ಅವರ ಮನೆಯ ಊಟದ ಮೇಜಿನಲ್ಲಿ ನಾನು ಹಿಂದೆಮುಂದೆ ನೋಡದೆ, ಪ್ರತಿ ಶುಕ್ರವಾರ ನೀವಿಬ್ಬರೂ ನನ್ನನ್ನು ಬಾರಿಗೆ ಕರೆದುಕೊಂಡು ಹೋಗುತ್ತಿದ್ದ ಕಥೆ ಹೇಳಿದೆ. ಬಿಯರ್ ಕ್ರೇಟು ಬೋರಲು ಹಾಕಿ ಅದರ ಮೇಲೆ ನನ್ನನ್ನು ನಿಲ್ಲಿಸಿ ಹೆಡ್ಡಿ ಆಂಟಿ ಕೌಂಟರು ಒರೆಸಲು ಕಲಿಸಿದ್ದು. ಚೆರ್ರಿ ಹಣ್ಣು ಹಾಕಿದ ಕೆಂಪು ಸೋಡಾ. ಅಲಂಕಾರಕ್ಕೆ ಗೋಡೆಗೆ ತೂಗುಹಾಕಿದ್ದ ದೊಡ್ಡ ಮೀನಿನ ಬಾಯಿಗೆ ಬೆರಳು ಹಾಕಿ ಕೊಯ್ದುಕೊಂಡದ್ದು. ಜನರನ್ನು ಸಮಯಕ್ಕೆ ಸರಿಯಾಗಿ ಎಬ್ಬಿಸಿ ಕಳಿಸಲು ಬಾರಿನ ಗಡಿಯಾರವನ್ನು ಕಾಲು ಗಂಟೆ ಮುಂದಿಟ್ಟಿರುತ್ತಾರಲ್ಲ, ಗಂಟೆ ನೋಡುವುದನ್ನು ನಾನು ಅದರಲ್ಲೇ ಕಲಿತು, ಶಾಲೆಯಲ್ಲಿ ಎದ್ದು ನಿಂತು "ಸಿಸ್ಟರ್, ನಿಮ್ಮ ಗಡಿಯಾರ ಹಿಂದಿದೆ" ಅಂದು ಕೈಗೆ ಏಟು ತಿಂದದ್ದು!

ಹೇಳಿ ಮುಗಿಸಿ ನೋಡಿದರೆ ಯಾರೂ ನಗುತ್ತಿಲ್ಲ. ಅತ್ತೆ ನನ್ನ ಕೈ ಹಿಡಿದು, "ಅಯ್ಯೋ ಮಗು, ಚಿಕ್ಕ ವಯಸ್ಸಲ್ಲಿ ಏನೆಲ್ಲ ಅನುಭವಿಸಿದ್ದೀಯ" ಅಂದರು. ಮನೆಗೆ ಬರುವಾಗ ಕಾರಿನಲ್ಲಿ ಗಾರ್ತ್ ಕೂಡ, "ಪಾಪ ನೀನು" ಅಂದ. ಈ ರಾಜ್ಯದಲ್ಲಿ ಮಕ್ಕಳನ್ನು ಬಾರಿನ ಬಾಗಿಲೊಳಗೂ ಬಿಡುವುದಿಲ್ಲವಂತೆ.

ಪಾಪ! ನಾನು! ಇವರೆಲ್ಲರನ್ನೂ ಅಲ್ಲಿ ತಂದು ಕೂರಿಸಿ ತೋರಿಸದಿದ್ದರೆ ನಾನು ಕ್ಯಾಸಿಮಿರ್ ವ್ರೂಬೆಲ್‌ನ ಮಗಳೇ ಅಲ್ಲ.

ನಿಮ್ಮ ಹುಚ್ಚು ಮಗಳು,
ಬರ್ನಿ

(ಹೊಸ ಹೆಸರು ಬರೆಯುವುದನ್ನು ಮರೆತೇಬಿಟ್ಟೆ ನೋಡಿ!)


ಡೊಂಬ್ರೋವ, ವಿಸ್ಕಾನ್ಸಿನ್
ಡಿಸೆಂಬರ್ ೩

ಪ್ರೀತಿಯ ಬರ್ನಡೆಟ್,

ಮದುವೆಯಾದೆ, ಒಳ್ಳೆಯದು. ನಮಗೆ ತಿಳಿಸಿದೆ, ಅದೂ ಒಳ್ಳೆಯದು. ಎರಡರಲ್ಲಿ ಯಾವುದು ಮೊದಲು ಎನ್ನುವುದು ನಿನಗೆ ಗೊತ್ತಿದ್ದರೆ ಇನ್ನೂ ಒಳ್ಳೆಯದಿತ್ತು. ಹುಡುಗ ಫೋಟೋದಲ್ಲಿ ಸೌಮ್ಯವಾಗಿ ಕಾಣುತ್ತಾನೆ. ನಿನಗೆ ಒಂದು ಕೌದಿ ಹೊಲಿಯುತ್ತಿದ್ದೇನೆ.

ಹೆಡ್ಡಿಯ ಬಾರಿನಲ್ಲಿ ಆಗುವುದಿಲ್ಲ. ಚರ್ಚಿನ ನೆಲಮಾಳಿಗೆಯ ಹಾಲ್ ಕೇಳಿದ್ದೇನೆ. ಪಾದ್ರಿಗಳು ಕೊಡುತ್ತೇವೆ ಅಂದಿದ್ದಾರೆ. ಕುಣಿಯಲು ಅಲ್ಲೂ ನೆಲ ಇದೆ.

ನಿಮ್ಮಪ್ಪ ಕುಡಿತ ಬಿಟ್ಟು ಈ ಚಳಿಗಾಲಕ್ಕೆ ಆರು ವರ್ಷ. ನೀನು ಕಾಲೇಜಿಗೆ ಹೋದ ಮೊದಲ ವರ್ಷ ಅವರು ಓಡಿಸುವ ಹಾಲಿನ ಲಾರಿ ಮೋರಿಗೆ ಬಿತ್ತು ಅಂತ ಬರೆದಿದ್ದೆನಲ್ಲ, ಆಗ ಬರೆದದ್ದು ಅಷ್ಟೇ. ನಾನು ಹೋಗಿ ನೋಡಿದಾಗ ಹಿಮದ ಮೇಲೆಲ್ಲ ಹಾಲು ಚೆಲ್ಲಿ, ಎಲ್ಲಿ ಹಿಮ ಮುಗಿದು ಎಲ್ಲಿ ಹಾಲು ಶುರುವಾಯಿತು ಅಂತ ತಿಳಿಯುತ್ತಿರಲಿಲ್ಲ. ಅದರ ಮಧ್ಯೆ ನಿಮ್ಮಪ್ಪ ಕೂತಿದ್ದರು, ಟೋಪಿ ಇಲ್ಲದೆ. ಅವತ್ತಿನಿಂದ ಹೆಡ್ಡಿಯ ಬಾಗಿಲು ತುಳಿದಿಲ್ಲ. ಅಂಚೆ ಕಚೇರಿಗೆ ಹೋಗುವಾಗಲೂ ಆ ಕಡೆಯ ಪಾದಚಾರಿ ದಾರಿ ಬಿಟ್ಟು ಈ ಕಡೆಗೆ ದಾಟುತ್ತಾರೆ. ಇದನ್ನು ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ನಿನ್ನ ಕಾಗದವನ್ನು ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡರು.

ನಿನ್ನ ಅಮ್ಮ,
ಜನೀವ್


ಸಿಯಾಟಲ್
ಡಿಸೆಂಬರ್ ೧೪

ಅಮ್ಮ,

ನೆಲಮಾಳಿಗೆಯ ಹಾಲ್ ಬೇಡ! ಅಲ್ಲಿ ತಿಥಿಯೂಟದ ವಾಸನೆ. ಅಜ್ಜಿಯ ಮಣ್ಣು ಮುಗಿಸಿ ಬಂದು ಆಲೂಗಡ್ಡೆ ಸಲಾಡ್ ತಿಂದದ್ದು ಅಲ್ಲೇ. ಅಲ್ಲಿ ನಾನು ನಕ್ಕರೆ ಗೋಡೆಗಳೇ ಶ್ ಅನ್ನುತ್ತವೆ.

ಅಪ್ಪ ಕುಡಿಯಲಿ ಅಂತ ನಾನೆಲ್ಲಿ ಹೇಳಿದೆ? ಕುಣಿಯಲಿ ಅಂದೆ. ಆರು ವರ್ಷ ಗಟ್ಟಿಯಾಗಿ ನಿಂತವನಿಗೆ ಒಂದು ಸಂಜೆ ನಿಲ್ಲಲಾಗುವುದಿಲ್ಲವೇ? ನೀನು ಅವನನ್ನು ಚೀನಾ ಪಿಂಗಾಣಿಯ ಹಾಗೆ ಹತ್ತಿಯಲ್ಲಿ ಸುತ್ತಿ ಇಡುತ್ತಿದ್ದೀಯ.

ನನಗೆ ಆ ಜಾಗದ ಇಂಚಿಂಚೂ ಬೇಕು ಅಮ್ಮ. ಕರಿದ ಮೀನಿನ ಹಬೆಗೆ ಕಿಟಕಿ ಮಬ್ಬಾಗಿ ನಾನು ಅದರ ಮೇಲೆ ಬೆರಳಲ್ಲಿ ಹಸು ಬರೆಯುತ್ತಿದ್ದೆ. ಆಮೇಲೆ ಆ ಪುಟ್ಟ ಗ್ಲಾಸುಗಳು! ಗಾರ್ತ್‌ಗೆ ಅದನ್ನು ಅರ್ಥಮಾಡಿಸಲು ಅರ್ಧ ಗಂಟೆ ಬೇಕಾಯಿತು. ಕೈಯಲ್ಲಿರುವುದು ಮುಗಿಯುವ ಮೊದಲೇ ಬೇರೆ ಯಾರಾದರೂ ನಿನಗೆ ಇನ್ನೊಂದು ಡ್ರಿಂಕ್ ಕೊಡಿಸಿದರೆ, ಹೆಡ್ಡಿ ಆಂಟಿ ನಿನ್ನ ಮುಂದೆ ಒಂದು ಪುಟ್ಟ ಗ್ಲಾಸು ಕವುಚಿ ಇಡುತ್ತಾಳೆ, ನಿನಗೊಂದು ಬರಬೇಕಿದೆ ಅಂತ. ಗಾರ್ತ್ ಕೇಳುತ್ತಾನೆ, "ಬೇಡ ಅಂದ್ರೆ?" ಬೇಡ ಅನ್ನುವುದು ಎಂದರೇನು ಅಂತಲೇ ನನಗೆ ಹೊಳೆಯಲಿಲ್ಲ! ಅಪ್ಪನ ಮುಂದೆ ಸಾಲಾಗಿ ಇರುತ್ತಿದ್ದವಲ್ಲ, ನಾನು ಅವುಗಳನ್ನು ಒಂದರ ಮೇಲೊಂದು ಏರಿಸಿ ಗೋಪುರ ಕಟ್ಟುತ್ತಿದ್ದೆ. ನಮ್ಮಪ್ಪನ ಗೋಪುರವೇ ಎತ್ತರ. ನಮ್ಮಪ್ಪನಿಗೇ ಹೆಚ್ಚು ಸ್ನೇಹಿತರು ಅಂತ ಎಷ್ಟು ಜಂಬ ನನಗೆ!

ಕೊನೆಗೆ ಬೆಂಚಿನ ಮೇಲೆ ಎಲ್ಲರ ಕೋಟುಗಳ ರಾಶಿಯಲ್ಲಿ ನಿದ್ದೆ. ಅಪ್ಪನ ಪಕ್ಕದ ಸ್ಟೂಲಿನಿಂದ ರೋಮನ್ ಅಂಕಲ್‌ನ ದನಿ, "ಏನೋ ಕ್ಯಾಸ್, ಇಷ್ಟು ಬೇಗ ಬಾಲ ಮುದುರ್ಕೊಂಡು ಹೊರಟ್ಯಾ?" ಅಪ್ಪನ ದನಿ, "ಮಗು ಮಲಗಿಬಿಡ್ತಲ್ಲೋ, ಏನ್ ಮಾಡ್ಲಿ." ಆಮೇಲೆ ಅಪ್ಪನ ಭುಜ. ಹಾಲು, ಹೊಗೆಸೊಪ್ಪು, ಚಳಿಗಾಳಿ. ಇದಕ್ಕಿಂತ ಸುಖ ನನ್ನ ಬದುಕಿನಲ್ಲಿ ಗಾರ್ತ್ ಸಿಗುವ ತನಕ ಇರಲಿಲ್ಲ.

ಹಾಗಾಗಿ ಹೆಡ್ಡಿ ಆಂಟಿಯ ಬಾರೇ. ನಾನು ಬದಲಾಯಿಸುವುದಿಲ್ಲ.

ಹಟಮಾರಿ,
ಬರ್ನಿ


ಡೊಂಬ್ರೋವ
ಜನವರಿ ೯, ೧೯೮೬

ಬರ್ನಡೆಟ್,

ಹಬ್ಬದ ದಿನಗಳಲ್ಲಿ ಇದನ್ನು ಬರೆಯಬಾರದು ಅಂತ ಕಾದೆ.

ನೀನು ಕಟ್ಟುತ್ತಿದ್ದ ಗೋಪುರವನ್ನು ನಾನೂ ನೋಡುತ್ತಿದ್ದೆ. ಒಂದೊಂದು ಗ್ಲಾಸು ಏರಿದಾಗಲೂ ಮನೆ ಅಷ್ಟು ದೂರ ಹೋಗುತ್ತಿತ್ತು. ಕವುಚಿಟ್ಟ ಗ್ಲಾಸನ್ನು ಬಿಟ್ಟು ಎದ್ದು ಬರುವುದೆಂದರೆ ಈ ಊರಿನಲ್ಲಿ ಚಾಚಿದ ಕೈಯನ್ನು ಹಿಡಿಯದೆ ಬಂದ ಹಾಗೆ. ನಿಮ್ಮಪ್ಪ ಯಾರ ಕೈಯನ್ನೂ ಬಿಟ್ಟು ಬಂದವರಲ್ಲ. ಹೆಂಡತಿ ಕರೆದಳು ಅಂತ ಎದ್ದರೆ ರೋಮನ್‌ನಂಥವರು ವಾರವಿಡೀ ಆಡಿಕೊಳ್ಳುತ್ತಿದ್ದರು. ಹೊಟ್ಟೆನೋವು ಅಂದರೆ ಅದಕ್ಕೂ ಬ್ರಾಂಡಿಯೇ ಔಷಧಿ. ಯಾರೂ ಏನೂ ಅನ್ನದೆ ದಾರಿ ಬಿಡುತ್ತಿದ್ದದ್ದು ಒಂದಕ್ಕೇ. ಮಲಗಿದ ಮಗು.

ಅದಕ್ಕೇ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದೆ. ಮೋಜಿಗಲ್ಲ. ಶುಕ್ರವಾರ ಮಧ್ಯಾಹ್ನ ನಿನ್ನನ್ನು ಮಲಗಲು ಬಿಡುತ್ತಿರಲಿಲ್ಲ, ನೆನಪಿದೆಯಾ? ಕಣ್ಣು ಎಳೆದರೆ ತಣ್ಣೀರು ಹಚ್ಚಿ ಅಂಗಳಕ್ಕೆ ಕಳಿಸುತ್ತಿದ್ದೆ. ಸಂಜೆ ಬೇಗ ನಿದ್ದೆ ಬರಲಿ ಅಂತ. ಪಕ್ಕದ ಮನೆಯವಳು ಕೇಳಿದ್ದಳು, "ಮಗೂನ ಯಾಕೆ ಆ ಹೊಗೇಲಿ ಕೂರಿಸ್ತೀಯ ಜನೀವ್, ನಮ್ಮನೇಲಿ ಬಿಡಬಾರ್ದಾ?" ಅಂತ. ಬಿಟ್ಟಿದ್ದರೆ ನಿಮ್ಮಪ್ಪನನ್ನು ಮನೆಗೆ ತರುವವರು ಯಾರು?

ನೀನು ಅದನ್ನು ಸುಖ ಅಂತ ಇಟ್ಟುಕೊಂಡಿದ್ದೀಯ. ಇಟ್ಟುಕೋ, ನನಗೆ ಸಂತೋಷವೇ. ಆದರೆ ಅದೇ ಕೌಂಟರಿನ ಮುಂದೆ ಅವರನ್ನು ಮತ್ತೆ ಕೂರಿಸಬೇಡ. ಮದುಮಗಳ ಅಪ್ಪ. ಇಡೀ ಊರು ಕೊಡಿಸುತ್ತದೆ. ಈ ಸಲ ಎತ್ತಿಕೊಂಡು ಬರಲು ಮಗು ಇಲ್ಲ.

ಕೌದಿ ಮುಗಿದಿದೆ. ನೀಲಿ ಅಂಚು.

ಅಮ್ಮ


ಸಿಯಾಟಲ್
ಫೆಬ್ರವರಿ ೨

ಅಮ್ಮ, ಅಪ್ಪ,

ಇಷ್ಟು ದಿನ ಬರೆಯಲಿಲ್ಲ. ಮೂರು ಕಾಗದ ಶುರುಮಾಡಿ ಹರಿದೆ. ಗಾರ್ತ್ ಕಣ್ಣಿಗೆ ಏನಾಯಿತು ಅಂತ ಕೇಳಿದ, ಈರುಳ್ಳಿ ಅಂದೆ. ಕೈಯಲ್ಲಿ ಇದ್ದದ್ದು ಬ್ರೆಡ್ಡು.

ಅಮ್ಮ, ನಿನಗೂ ಒಂದು ವಿಷಯ ಗೊತ್ತಿಲ್ಲ. ನಾನು ನಿದ್ದೆ ಮಾಡುತ್ತಿರಲಿಲ್ಲ.

ತೀರ ಚಿಕ್ಕವಳಿದ್ದಾಗ ಮಾಡುತ್ತಿದ್ದೆ. ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಹೊತ್ತಿಗೆ ಇಲ್ಲ. ನೀನು ಕೋಟಿನ ಮೇಲಿನ ಗುಂಡಿಯನ್ನು ತಿರುಗಿಸುತ್ತ ಕೂರುತ್ತಿದ್ದೆ. ದಾರ ಸಡಿಲವಾಗಿ ಗುಂಡಿ ಜೋತಾಡುತ್ತಿತ್ತು. ನಾನು ಕಣ್ಣು ಮುಚ್ಚಿದರೆ ನಿನ್ನ ಕೈ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ "ಕ್ಯಾಸ್, ಮಗು" ಅನ್ನುತ್ತಿದ್ದೆ. ಇಷ್ಟು ಸುಲಭ! ಅದು ನನ್ನದೇ ಮಂತ್ರ ಅಂತ ತಿಳಿದು ಯಾರಿಗೂ ಹೇಳಿರಲಿಲ್ಲ. ನೀನೂ ಅದನ್ನೇ ಕಾಯುತ್ತಿದ್ದೆ ಅಂತ ಈಗ ಗೊತ್ತಾಯಿತು. ಒಂದೇ ಬೆಂಚಿನ ಮೇಲೆ ಕೂತು ನಾವಿಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದೇ ಕೆಲಸ ಮಾಡುತ್ತಿದ್ದೆವು.

ಅಂದರೆ ಸುಖ ಅಂತ ನಾನು ಬರೆದದ್ದು ಸುಳ್ಳಾ? ಹತ್ತು ದಿನ ಇದನ್ನೇ ಯೋಚಿಸಿದೆ. ಸುಳ್ಳಲ್ಲ. ಸೋಡಾ ನಿಜ, ಮೀನು ನಿಜ, ಅಪ್ಪನ ಭುಜವೂ ನಿಜ. ಹೆದರಿಕೆಯೂ ಪಕ್ಕದಲ್ಲೇ ಕೂತಿತ್ತು, ನಾನು ಅದರ ಕಡೆ ತಿರುಗಿರಲಿಲ್ಲ, ಅಷ್ಟೇ.

ಈಗ ಅಪ್ಪನಿಗೆ. ಅಪ್ಪ, ಇಲ್ಲಿಯವರೆಗೆ ನಿನ್ನ ಬಗ್ಗೆ ನಾವಿಬ್ಬರೇ ಮಾತಾಡುತ್ತಿದ್ದೇವೆ, ನೀನು ರೂಮಿನಲ್ಲಿ ಇಲ್ಲದ ಹಾಗೆ. ನೀನೇ ಹೇಳು. ಬೇಡ ಅಂದರೆ ಹೆಡ್ಡಿ ಆಂಟಿಗೆ ನಾನೇ ಬರೆದು ಇಲ್ಲ ಅನ್ನುತ್ತೇನೆ, ನೆಲಮಾಳಿಗೆಯಲ್ಲೇ ಕುಣಿಯುತ್ತೇನೆ, ಮುಖ ಊದಿಸುವುದಿಲ್ಲ. ಆಗಬಹುದು ಅಂದರೆ ನನಗೊಂದು ಉಪಾಯ ಹೊಳೆದಿದೆ. ಮುಂದಿನ ವಾರದಿಂದ ಈಸ್ಟರ್ ಉಪವಾಸ ಶುರು. ಅರ್ಧ ಊರು ಆ ನಲವತ್ತು ದಿನ ಕುಡಿತ ಬಿಟ್ಟಿರುತ್ತದೆ. ಆಗ ಒಂದು ಶುಕ್ರವಾರ ಅಮ್ಮನ ಜೊತೆ ಹೋಗಿ ಮೀನು ತಿಂದು ಬಾ. ನಿನ್ನ ಮುಂದೆ ಯಾರೂ ಗ್ಲಾಸು ಕವುಚುವುದಿಲ್ಲ. ಬಾಗಿಲು ಅಭ್ಯಾಸವಾಗುತ್ತದೆ.

ಪ್ರೀತಿಯಿಂದ,
ಬರ್ನಿ


ಡೊಂಬ್ರೋವ
ಫೆಬ್ರವರಿ ೨೩

ಬರ್ನಿ,

ನನಗೆ ಕಾಗದ ಬರೆದು ರೂಢಿಯಿಲ್ಲ.

ಮಲಗಿದ ಮಗು ಭಾರ ಇರುತ್ತದೆ. ಕೈಕಾಲು ಜೋತುಬೀಳುತ್ತವೆ, ತಲೆ ಹೊರಳುತ್ತದೆ. ನೀನು ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದೆ. ಬಾಗಿಲು ದಾಟುವಾಗ ಪೆಟ್ಟಾಗದಂತೆ ಕಾಲು ಮಡಚಿಕೊಳ್ಳುತ್ತಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗು ಮಲಗಿದೆ ಅಂತ ಎಲ್ಲರಿಗೂ ಹೇಳಿ ಎತ್ತಿಕೊಂಡು ಬರುತ್ತಿದ್ದೆ. ನನಗೂ ಎದ್ದು ಬರಬೇಕಿತ್ತು. ನೆಪ ಬೇಕಿತ್ತು.

ಆಮೇಲೆ ನೀನು ಉದ್ದವಾದೆ. ಎತ್ತಲು ಆಗಲಿಲ್ಲ. ಬೇರೆ ನೆಪ ನನಗೆ ಸಿಗಲಿಲ್ಲ. ಇದು ನಿನ್ನ ತಪ್ಪು ಅಂತ ಓದಿಕೊಳ್ಳಬೇಡ. ನಡೆದದ್ದು ಹೇಳುತ್ತಿದ್ದೇನೆ.

ಉಪವಾಸದ ಉಪಾಯ ಬೇಡ. ಅದೂ ನೆಪವೇ. ಈಸ್ಟರ್ ಮುಗಿದ ಮೇಲೆ ಗ್ಲಾಸು ಬಂದೇ ಬರುತ್ತವೆ. ನಿನ್ನ ಪಾರ್ಟಿಯ ದಿನ ಊರವರೆಲ್ಲ ಒಂದೊಂದು ಇಡುತ್ತಾರೆ, ಪ್ರೀತಿಗೆ. ಅಷ್ಟು ಜನಕ್ಕೆ ಒಬ್ಬೊಬ್ಬರಾಗಿ ಬೇಡ ಅನ್ನಲು ನನ್ನಿಂದ ಆಗದು. ಒಂದು ಸಲ ಅನ್ನಬಹುದು. ಎಲ್ಲರೂ ಇರುವಾಗ, ಉಪವಾಸ ಇಲ್ಲದಿರುವಾಗ, ಇಟ್ಟ ಗ್ಲಾಸನ್ನು ನಾನೇ ನೆಟ್ಟಗೆ ಮಾಡಿ ಹೆಡ್ಡಿಗೆ ವಾಪಸು ಕೊಟ್ಟರೆ ಸಾಕು, ಊರಿಗೆ ತಿಳಿಯುತ್ತದೆ. ಈ ಊರಿನಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ.

ಆರು ವರ್ಷ ರಸ್ತೆ ದಾಟಿಕೊಂಡು ಓಡಾಡಿದೆ. ಜನೀವ್ ನೋಡಿಲ್ಲ ಅಂದುಕೊಂಡಿದ್ದೆ, ನೋಡಿದ್ದೇನೆ ಅಂತ ಮೊನ್ನೆ ಅವಳೇ ಹೇಳಿದಳು. ಅದು ಬೇಡ ಅಂದಂತಲ್ಲ, ತಪ್ಪಿಸಿಕೊಂಡಂತೆ. ಮಗಳ ಮದುವೆಗೂ ತಪ್ಪಿಸಿಕೊಳ್ಳಲು ಮನಸ್ಸಿಲ್ಲ.

ಆದೀತೋ ಇಲ್ಲವೋ ಹೇಳಲಾರೆ.

ಅಪ್ಪ


ಡೊಂಬ್ರೋವ
ಮಾರ್ಚ್ ೪

ಬರ್ನಡೆಟ್,

ನಿಮ್ಮಪ್ಪ ಆ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ನನಗೆ ಓದಿ ಹೇಳಿ ಆಮೇಲೆ ಅಂಚೆಗೆ ಹಾಕಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದು ನಾನು ಕೇಳಿಲ್ಲ.

ನಾನು ಬೇಡ ಅಂದೆ. ಈಗಲೂ ಹೆದರಿಕೆ ಇದೆ. ಆದರೆ ಹೆದರಿಕೆ ನನ್ನದು, ಮಾತು ಅವರದ್ದು ಅಂತ ಪಾದ್ರಿಗಳು ಅಂದರು.

ಭಾನುವಾರ ಪೂಜೆ ಮುಗಿದ ಮೇಲೆ ಹೆಡ್ಡಿ ಮೆಟ್ಟಿಲ ಹತ್ತಿರ ಹಿಡಿದುಕೊಂಡಳು. "ಏನೇ ಜನೀವ್, ಹನ್ನೆರಡನೇ ತಾರೀಕು ಉಂಟೋ ಇಲ್ವೋ? ಬೌಲಿಂಗ್ ಕ್ಲಬ್ಬಿನೋರು ಅವತ್ತು ಅವರ ಊಟಕ್ಕೆ ಜಾಗ ಕೇಳ್ತಾವ್ರೆ. ಈಸ್ಟರ್ ಆದ ವಾರದೊಳಗೆ ಹೇಳ್ಬಿಡು." ನಾನು ಕೈಗವಸು ಹಾಕಿಕೊಳ್ಳತೊಡಗಿದೆ. ಅವಳಿಗೆ ಅರ್ಥವಾಯಿತು. ದನಿ ಇಳಿಸಿ, "ನೋಡೇ, ಕ್ಯಾಸ್ ಮುಂದೆ ನಾನು ಗ್ಲಾಸೇ ಇಡಲ್ಲ, ಆಯ್ತಾ? ಯಾರಾದ್ರೂ ಕೇಳಿದ್ರೆ ನನ್ನ ತಲೆಮೇಲೆ ಹಾಕ್ಕೋತೀನಿ" ಅಂದಳು.

ಮನೆಗೆ ಬಂದು ಹೇಳಿದರೆ ನಿಮ್ಮಪ್ಪ, "ಇಡಲಿ ಬಿಡು. ಇಡ್ದೇ ಹೋದ್ರೆ ನಾನು ಬೇಡ ಅನ್ನೋದು ಯಾರಿಗೆ, ಗೋಡೆಗಾ?" ಅಂದರು. ಆಮೇಲೆ ಲಾರಿ ತೊಳೆಯಲು ಹೋದರು. ಹಿಂದಿನ ದಿನವಷ್ಟೇ ತೊಳೆದಿದ್ದರು.

ಈಗ ನೀನು ಏನು ಮಾಡುತ್ತೀಯ?

ಅಮ್ಮ


ಸಿಯಾಟಲ್
ಮಾರ್ಚ್ ೧೬

ಅಮ್ಮ, ಅಪ್ಪ,

ಏನು ಮಾಡುತ್ತೇನೆ ಅಂದರೆ, ಬರುತ್ತೇನೆ! ಪಾರ್ಟಿಗಲ್ಲ, ಅದಕ್ಕೂ ಮುಂಚೆ, ಒಬ್ಬಳೇ.

ಅಪ್ಪ, ನಿನ್ನ ಕಾಗದವನ್ನು ಗಾರ್ತ್‌ಗೆ ಓದಲು ಕೊಟ್ಟೆ. ಬಾಯಲ್ಲಿ ಹೇಳಲು ಹೋದರೆ ಎಲ್ಲೋ ನಗಿಸಲು ನೋಡುತ್ತೇನೆ ಅಂತ ಗೊತ್ತಿತ್ತು. ಅವನು ಎರಡು ಸಲ ಓದಿದ. ಪಾಪ ಅನ್ನಲಿಲ್ಲ. ಮಡಚಿ ನನ್ನ ಕೈಗೆ ಕೊಡುತ್ತ, "ನಿಮ್ಮಪ್ಪ ಗಟ್ಟಿ ಮನುಷ್ಯ ಕಣೇ. ನಾನೂ ಬರ್ಲಾ?" ಅಂದ.

"ಈಗ್ಲೇ ಬೇಡ."

"ಮತ್ತೆ ನಾನೇನ್ ಮಾಡ್ಲಿ ಇಲ್ಲಿ?"

"ಪೋಲ್ಕಾ ಕಲಿ."

ಈಗ ಪ್ರತಿ ಸಂಜೆ ಅಡುಗೆಮನೆಯಲ್ಲಿ ಕುರ್ಚಿ ಹಿಡಿದುಕೊಂಡು ಎಗರುತ್ತಾನೆ. ಕೆಳಗಿನ ಮನೆಯವರು ಪೊರಕೆ ಕೋಲಿನಿಂದ ಸೀಲಿಂಗಿಗೆ ಕುಟ್ಟುತ್ತಾರೆ. ಅವನು ಅದನ್ನೇ ತಾಳ ಅಂದುಕೊಂಡಿದ್ದಾನೆ!

ನನ್ನ ಅತ್ತೆಗೂ ಅವನಿಗೂ ಏನೋ ತೋರಿಸಬೇಕು ಅಂತ ಹೊರಟಿದ್ದೆನಲ್ಲ, ಆ ಹಟ ಬಿಟ್ಟಿದ್ದೇನೆ. ಈಗ ಬೇರೆ ಹಟ. ಈಸ್ಟರ್ ಆದ ವಾರದ ಶುಕ್ರವಾರ ಸಂಜೆ ನಾವು ಮೂವರೂ ಹೆಡ್ಡಿ ಆಂಟಿಯ ಬಾರಿಗೆ ಹೋಗುತ್ತೇವೆ. ಉಪವಾಸ ಮುಗಿದಿರುತ್ತದೆ, ನಲವತ್ತು ದಿನದ ಬಾಯಾರಿಕೆಗೆ ಊರಿಗೆ ಊರೇ ಅಲ್ಲಿರುತ್ತದೆ. ಹಿಂದಿನ ಮೇಜಿನಲ್ಲಿ ಅಲ್ಲ, ಕೌಂಟರಿನಲ್ಲೇ ಕೂರೋಣ. ಮೀನು ತರಿಸೋಣ. ಯಾರೋ ಒಬ್ಬರು, ಬಹುಶಃ ರೋಮನ್ ಅಂಕಲ್ಲೇ, ಕೊಡಿಸುತ್ತಾರೆ. ಗ್ಲಾಸು ಬರುತ್ತದೆ. ಅಪ್ಪ, ಆಮೇಲಿನದು ನಿನ್ನ ಕೆಲಸ. ನಾನು ನಿನ್ನ ಪರವಾಗಿ ಬಾಯಿ ಬಿಡುವುದಿಲ್ಲ. ಅಮ್ಮ, ನೀನೂ ಬಿಡಕೂಡದು. ಕೆಮ್ಮಲೂ ಕೂಡದು! ಬೇಕಾದರೆ ಕೌಂಟರಿನ ಕೆಳಗೆ ನನ್ನ ಕೈ ಹಿಡಿದುಕೋ, ನನಗೂ ಹಿಡಿದುಕೊಳ್ಳಲು ಏನಾದರೂ ಬೇಕು.

ಆಯಿತು ಅಂದರೆ ಹನ್ನೆರಡನೇ ತಾರೀಕು ಅಲ್ಲೇ ಕುಣಿಯೋಣ. ಆಗಲಿಲ್ಲ ಅಂದರೆ, ಕೈ ಗ್ಲಾಸಿನ ತನಕ ಹೋಗಿ ನಿಂತರೂ ಸರಿ, ಅಥವಾ ನೀನು ಅದನ್ನು ಕುಡಿದುಬಿಟ್ಟರೂ ಸರಿ, ನಾವು ಮೂವರೂ ಒಟ್ಟಿಗೆ ಎದ್ದು ಮನೆಗೆ ನಡೆಯುತ್ತೇವೆ. ಯಾರೂ ಯಾರನ್ನೂ ಎತ್ತುವುದಿಲ್ಲ, ಯಾರಿಗೂ ನೆಪ ಹೇಳುವುದಿಲ್ಲ. ಮರುದಿನ ನಾನೇ ಹೋಗಿ ನೆಲಮಾಳಿಗೆಗೆ ಬಣ್ಣದ ಕಾಗದ ಕಟ್ಟುತ್ತೇನೆ. ಗೋಡೆಗಳು ಶ್ ಅಂದರೆ ನಾನೂ ಶ್ ಅನ್ನುತ್ತೇನೆ.

ನನಗೂ ಹೆದರಿಕೆ ಇದೆ, ಅಮ್ಮ. ನಗುತ್ತ ಬರೆದರೆ ಕಾಣುವುದಿಲ್ಲ ಅಂದುಕೊಂಡೆ. ಆದರೆ ಈ ಸಲ ಮೂವರೂ ಹೆದರಿಕೊಂಡು, ಮೂವರಿಗೂ ಗೊತ್ತಿದ್ದು ಹೋಗುತ್ತಿದ್ದೇವೆ. ಹಾಗೆ ನಾವು ಆ ಬಾಗಿಲನ್ನು ಒಮ್ಮೆಯೂ ದಾಟಿರಲಿಲ್ಲ.

ಟಿಕೆಟ್ ತೆಗೆದಾಗಿದೆ, ಹಿಂದಕ್ಕೆ ಕೊಡುವುದಿಲ್ಲ. ಏಪ್ರಿಲ್ ೪, ಶುಕ್ರವಾರ, ಚಿಕಾಗೋ ಕಡೆಗೆ ಹೋಗುವ ಎಂಪೈರ್ ಬಿಲ್ಡರ್ ರೈಲು. ಟೋಮಾ ನಿಲ್ದಾಣದಲ್ಲಿ ಮಧ್ಯಾಹ್ನದೂಟಕ್ಕೆ ಮುಂಚೆ ಇಳಿಯುತ್ತೇನೆ. ಇಬ್ಬರೂ ಬನ್ನಿ.

ನಿಮ್ಮ,
ಬರ್ನಿ